ಹಡಗು ಹೊರಡುವ ಹೊತ್ತು, ಇವರು ಮಗ್ಗದ ಕುಣಿಯಲ್ಲಿ

ಮಧ್ಯಾಹ್ನ ಎರಡೂ ಮುಕ್ಕಾಲು. ಕೊಚ್ಚಿ ಬಂದರಿನಲ್ಲಿ ನಮ್ಮ ಹಡಗು ನಿಂತಿದೆ. ನಾಲ್ಕೂವರೆಗೆ ಬಾಗಿಲು ಹಾಕುತ್ತಾರೆ, ಐದಕ್ಕೆ ಹೊರಡುತ್ತದೆ. ನಾವಿರುವ ಹಳ್ಳಿಯಿಂದ ಬಂದರಿಗೆ ಒಂದು ತಾಸಿನ ದಾರಿ. ಬಸ್ಸಿನ ಇಂಜಿನ್ ಶುರುವಾಗಿದೆ. ಎಲ್ಲರೂ ಸೀಟಿನಲ್ಲಿ ಕುಳಿತಿದ್ದಾರೆ.

ನನ್ನ ಗಂಡ?

ಯಾರದೋ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ಏಳುವ ಲಕ್ಷಣವೇ ಇಲ್ಲ.

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ. (ಅವಸರ ನನ್ನ ಹುಟ್ಟುಗುಣ. ಸುಟ್ಟರೂ ಹೋಗುವುದಿಲ್ಲ. ಈ ಅಂಕಣ ಓದುವವರಿಗೆ ಅದೇನು ಹೊಸ ಸುದ್ದಿಯಲ್ಲ.)

ಈಚೆಗೆ ನಾನು ರಿಟೈರ್ ಆದೆ. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದೆ. ಅಡರಕಟ್ಟಿ, ಯಳವತ್ತಿ ಕಡೆಯ ಮಕ್ಕಳು ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂಬುದು ಸ್ಟಾಫ್ ರೂಮಿನ ಜೋಕು. ಬೆಟಗೇರಿಯ ಮನೆ ಬಿಟ್ಟು ಎಂಟೂ ಕಾಲರ ಬಸ್ಸು ಹಿಡಿಯಬೇಕು. ಒಂದು ದಿನವೂ ತಪ್ಪಿಸಿಕೊಂಡವಳಲ್ಲ. ಹೆಮ್ಮೆ ಇತ್ತು ನನಗೆ. ಇತ್ತು ಅಂದದ್ದನ್ನು ಗಮನಿಸಿ.

ಇವರು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಅದಕ್ಕೂ ಮೊದಲು ನೇಕಾರರು. ಇವರ ಅಪ್ಪ, ಅಜ್ಜ ಎಲ್ಲರೂ ನೇಯ್ದವರೇ. ಹದಿನಾಲ್ಕು ವರ್ಷದ ಹಿಂದೆ ನಮ್ಮ ಕೈಮಗ್ಗ ಮಾರಿದೆವು. ಆವತ್ತಿನಿಂದ ಇವರು ಇನ್ನೊಬ್ಬರ ಮಗ್ಗದ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮಗ್ಗದ ಸದ್ದು ಕೇಳುವ ಓಣಿ ಬಿಟ್ಟು, ಸುತ್ತು ಹಾಕಿ ಪ್ರೆಸ್ಸಿಗೆ ಹೋಗುತ್ತಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಇರಲಿ. ರಿಟೈರ್ ಆದಳಲ್ಲ, ಇನ್ನಾದರೂ ಸುಮ್ಮನೆ ಕೂಡುತ್ತಾಳೆ ಅಂದುಕೊಂಡಿದ್ದರು ಎಲ್ಲರೂ. ನಾನು ಕ್ರೂಸ್ ಬುಕ್ ಮಾಡಿದೆ! ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ, ಮತ್ತೆ ಮುಂಬೈ. ನಡುನಡುವೆ ಹಡಗು ನಿಂತಲ್ಲೆಲ್ಲ ಇಳಿದು ಊರು ನೋಡಿ ಬರುವುದು.

ಮುಂಡರಗಿಯ ನಾದಿನಿ ಫೋನ್ ಮಾಡಿದಳು. "ವೈನಿ, ಹೊಂಟಿದ್ದು ಹೊಂಟೀರಿ, ನೀರಿನ ಹಂತ್ಯಾಕ ಮಾತ್ರ ಹೋಗಬ್ಯಾಡ್ರಿ."

"ಆತವಾ. ಹಡಗಿನಾಗ ಕುಂತು ನೀರಿಂದ ದೂರ ಇರತೀವಿ" ಅಂದೆ.

ರೈಲಿನಲ್ಲಿ ಮುಂಬೈ ಮುಟ್ಟಿದೆವು. ಹಡಗು ಹತ್ತುವ ಮೊದಲೇ ನಮ್ಮನ್ನು ಹಿಡಿದು ನಿಲ್ಲಿಸಿದರು. ಇವರ ಅಂಗಿಯ ಜೇಬಿನಲ್ಲಿ, ಪ್ರೆಸ್ಸಿನ ರದ್ದಿ ಕಾಗದದಲ್ಲಿ ಸುತ್ತಿದ ಬೆಳ್ಳಗಿನ ಗಟ್ಟಿಯೊಂದು ಸಿಕ್ಕಿತು. ಹಡಗಿನ ಸೆಕ್ಯೂರಿಟಿಯವನು ಬಿಡಿಸಿದ, ಮೂಸಿದ, ಬೆರಳಿಗೆ ಹಚ್ಚಿಕೊಂಡ. ಬೆಳ್ಳಗಿನ ಪುಡಿ! ಅವನ ಹುಬ್ಬು ಮೇಲೇರಿತು.

ಇವರು ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ, ಹಣೆಯ ಮೇಲೆ ಸರ‍್ರನೆ ಎಳೆದುಕೊಂಡು ನಿಂತರು. ವಿಭೂತಿ ಕಣ್ರೀ! ನೋಡಿದ ಸೆಕ್ಯೂರಿಟಿಯವನು ನಕ್ಕು ತನ್ನ ಹಣೆಯನ್ನೂ ಮುಂದೆ ಮಾಡಿದ. ನಮ್ಮ ಹಿಂದೆ ಕ್ಯೂನಲ್ಲಿದ್ದವರೂ ಹಚ್ಚಿಸಿಕೊಂಡರು. ಹಡಗು ಹತ್ತುವ ಜಾಗ ಐದು ನಿಮಿಷ ನಮ್ಮ ಮಠದಂತೆಯೇ ಕಂಡಿತು.

ಒಳಗೆ ಹೋದರೆ ಏನು ಹೇಳಲಿ! ಹಡಗು ಅಂದರೆ ಹಡಗಲ್ಲ ಅದು, ಎದ್ದು ಹೊರಟ ಒಂದು ಪೇಟೆ. ಲಿಫ್ಟು, ಥಿಯೇಟರು, ಅಂಗಡಿಸಾಲು, ಗಳಿಗೆಗೊಮ್ಮೆ ಊಟ. ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಾಡಿದ ಆನೆ. (ಆ ಆನೆ ಬಿಚ್ಚಲು ಮನಸ್ಸಾಗದೆ ಇವರು ಒದ್ದೆ ತಲೆಯನ್ನು ತಮ್ಮ ಪಂಜೆಯಲ್ಲೇ ಒರೆಸಿಕೊಂಡರು.) ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಈಜುಕೊಳ. ಸುತ್ತ ಕಣ್ಣು ಹಾಯುವತನಕ ನೀರು, ಅದರ ನಡುವೆ ಮತ್ತೊಂದಿಷ್ಟು ನೀರು! ನಲ್ಲಿ ಯಾವಾಗ ಬರುತ್ತದೆ ಎಂದು ದಿನ ಎಣಿಸುವ ಊರಿನವರು ನಾವು. ಇವರು ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಸುಮಿತ್ರಾ, ಇದನ್ನ ಯಾವಾಗ ತುಂಬಸ್ತಾರಂತ?"

"ದಿನಾ ತುಂಬಸ್ತಾರಂತ್ರಿ."

"ದಿನಾ?" ಎಂದು ಕೈ ಮುಗಿದರು. ಖರೇ ಮುಗಿದರು.

ಮುಂಬೈಯ ದಂಡೆ ಸಣ್ಣದಾಗುತ್ತ, ಗೆರೆಯಾಗುತ್ತ, ಕೊನೆಗೆ ಇಲ್ಲವಾದಾಗ ನನಗೆ ಕಣ್ಣಲ್ಲಿ ನೀರು ಬಂತು. ದಂಡೆಯ ಮೇಲೆ ನಿಂತು ಸಮುದ್ರ ನೋಡಿದ್ದೆ. ಸಮುದ್ರದ ಮೇಲೆ ನಿಂತು ದಂಡೆ ನೋಡಿದ್ದು ಅದೇ ಮೊದಲು. ಅರವತ್ತು ತುಂಬಿದ ಹೆಂಗಸು ರೇಲಿಂಗ್ ಹಿಡಿದು ಚಿಕ್ಕ ಹುಡುಗಿಯ ಹಾಗೆ ಜಿಗಿದೆ. ಯಾರು ನೋಡಿದರೆ ನನಗೇನು?

ಆದರೆ ಟೈಮ್ ಟೇಬಲ್ ಬಿಟ್ಟೆನೇ? ಇಲ್ಲ. ಆರಕ್ಕೆ ಏಳುವುದು, ಏಳಕ್ಕೆ ನಾಷ್ಟಾ, ಎಂಟಕ್ಕೆ ಡೆಕ್. ಗೋವಾದಲ್ಲಿ ಕೋಟೆ ನೋಡುವಾಗ ಇವರು ಒಂದು ಕಟ್ಟೆಯ ಮೇಲೆ ಕೂತು ಗಾಳಿ ತೆಗೆದುಕೊಳ್ಳುತ್ತಿದ್ದರು. "ಏಳ್ರಿ, ಬಸ್ಸಿಗೆ ಟೈಮಾತು" ಎಂದು ಎಬ್ಬಿಸಿದೆ. ಬಸ್ಸಿನ ಹತ್ತಿರ ಹೋದರೆ ಡ್ರೈವರೇ ಇನ್ನೂ ಬಂದಿರಲಿಲ್ಲ.

"ಸಾಲಿ ಬಿಟ್ಟರೂ ಗಂಟಿ ಬಿಡಲಿಲ್ಲ ನೀ" ಅಂದರು.

ಈಗ ಕೊಚ್ಚಿಗೆ ಬರೋಣ. ಬೆಳಿಗ್ಗೆ ಚೀನಿ ಬಲೆಗಳನ್ನು ನೋಡಿದೆವು, ತೆಂಗಿನ ಸಾಲಿನ ನಡುವೆ ದೋಣಿಯಲ್ಲಿ ತೇಲಿದೆವು, ಬಾಳೆಲೆಯ ಮೇಲೆ ಉಂಡೆವು. ಕೊನೆಯದು ಒಂದು ನೇಕಾರರ ಹಳ್ಳಿ. ಟೂರಿನ ಪಟ್ಟಿಯಲ್ಲಿ ಅದನ್ನು ಓದಿದ್ದರೂ ನಾನು ಇವರಿಗೆ ಹೇಳಿರಲಿಲ್ಲ. ಬಸ್ಸು ನಿಂತಿತು. ಕಿಟಕಿಯಿಂದ ಸದ್ದು ಬಂತು. ಲಟಕ್, ಲಟಕ್. ಇವರ ಮುಖ ಬಿಗಿಯಿತು.

"ಮೊಣಕಾಲು ನೋಯಾಕತ್ತೈತಿ. ನೀ ನೋಡಿ ಬಾ" ಅಂದರು.

ಮೊಣಕಾಲಿಗೆ ಏನೂ ಆಗಿರಲಿಲ್ಲ. ನಾನು ಇಳಿದು ಹೋದೆ. ಹಂಚಿನ ಮಾಡು, ಉದ್ದನೆಯ ಶೆಡ್ಡು, ನಾಲ್ಕು ಮಗ್ಗ. ಹಾಲಿನ ಬಣ್ಣದ ಬಟ್ಟೆಗೆ ಬಂಗಾರದ ಅಂಚು. ಜನ ಫೋಟೋ ಹೊಡೆದರು, ಸೀರೆ ಕೊಂಡರು, ಒಬ್ಬೊಬ್ಬರೇ ಬಸ್ಸಿಗೆ ಹೋದರು. ನಾನು ಕೊನೆಯವಳು. ಆಗ ಮೂಲೆಯ ಮಗ್ಗ ನಿಂತಿತು. ಅದರಲ್ಲಿ ಕುಳಿತಿದ್ದ ಹೆಂಗಸು, ನನಗಿಂತ ಹಿರಿಯಳು, ಕನ್ನಡಕ ಏರಿಸಿ ಬಗ್ಗಿ ನೋಡತೊಡಗಿದಳು. ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ಎಳೆ ಹರಿದಿತ್ತು. ಒಂದಲ್ಲ, ಅಂಚಿನಲ್ಲಿ ಏಳೆಂಟು. ಎರಡು ಸಲ ಕೂಡಿಸಿದಳು. ಎರಡೂ ಸಲ ಬಿಚ್ಚಿತು.

"ಒಣಾ ಬೆರಳಿಗೆ ನಿಲ್ಲೂದಿಲ್ಲದು."

ತಿರುಗಿ ನೋಡಿದೆ. ಇವರು! ಬಸ್ಸಿನಿಂದ ಯಾವಾಗ ಇಳಿದರೋ, ಶೆಡ್ಡಿನ ಒಳಗೆ ಬಂದು ನಿಂತಿದ್ದರು.

ಇವರು ಮುಂದೆ ಹೋಗಿ ಎಳೆಗೆ ಕೈ ಹಾಕಿದರು. ಆ ಹೆಂಗಸು ಸಿಟ್ಟಿನಿಂದ ಕೈ ಸರಿಸಿದಳು. ಸರಿಯೇ ಅಲ್ಲವೇ? ಊರಿಲ್ಲ ಕೇರಿಯಿಲ್ಲ, ಬಸ್ಸಿನಿಂದ ಇಳಿದವನು ಬಂದು ಮಗ್ಗ ಮುಟ್ಟಿದರೆ ಯಾರು ಸುಮ್ಮನಿರುತ್ತಾರೆ? ಇವರು ಬೇಸರಿಸಲಿಲ್ಲ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಹೆಬ್ಬೆರಳು ತೋರುಬೆರಳಿಗೆ ಉಜ್ಜಿಕೊಂಡರು. ಹರಿದ ಎರಡು ತುದಿ ಹಿಡಿದು, ಒಮ್ಮೆ ಹೊಸೆದು, ಬಿಟ್ಟರು. ಎಳೆ ಕೂಡಿತ್ತು. ಬೂದಿ ಹಚ್ಚಿದ ಬೆರಳಿನಲ್ಲಿ ಎಳೆ ಜಾರುವುದಿಲ್ಲ. ನಮ್ಮ ಮಾವ ಮಾಡುತ್ತಿದ್ದದ್ದೂ ಅದನ್ನೇ. ಹಣೆಗೂ ಅದೇ ಗಟ್ಟಿ, ಎಳೆಗೂ ಅದೇ ಗಟ್ಟಿ.

ಆ ಹೆಂಗಸು ಕೂಡಿದ ಎಳೆ ಮುಟ್ಟಿದಳು, ಎಳೆದು ನೋಡಿದಳು. ಇವರ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಎದ್ದು ಕುಣಿ ಬಿಟ್ಟುಕೊಟ್ಟಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು.

ಏಳೆಂಟು ಎಳೆ ಕೂಡಿಸಲು ಎಷ್ಟು ಹೊತ್ತು? ಹತ್ತು ನಿಮಿಷ. ಆದರೆ ಇವರ ಮನೆತನಕ್ಕೊಂದು ಕಟ್ಟಳೆ ಇದೆ. ಕೂಡಿಸಿದ ಎಳೆ ನೇಯ್ದ ಬಟ್ಟೆಯೊಳಗೆ ಸೇರುವವರೆಗೂ ಕೂಡಿಸಿದವನು ಮಗ್ಗದಿಂದ ಏಳಬಾರದು. ಅರ್ಧಕ್ಕೆ ಎದ್ದರೆ ಆ ಎಳೆ ಮುಂದಿನವರ ಕೈಯಲ್ಲಿ ಮತ್ತೆ ಹರಿಯುತ್ತದಂತೆ. ಅಂದರೆ ಇನ್ನೂ ಒಂದು ಗೇಣು ನೇಯಬೇಕು. ಇವರು ಲಾಳಿ ಕೈಗೆ ತೆಗೆದುಕೊಂಡರು.

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಗೈಡ್ ಬಾಯಿ ಓಡಿ ಬಂದಳು. "ಮೇಡಂ, ಎಲ್ಲರೂ ಕಾಯುತ್ತಿದ್ದಾರೆ. ಹಡಗು ಯಾರಿಗೂ ನಿಲ್ಲುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿದಳು.

ಬಟ್ಟೆಬರೆ ಹಡಗಿನಲ್ಲಿ. ಬಿ.ಪಿ. ಗುಳಿಗೆ ಹಡಗಿನಲ್ಲಿ. ನಾಳೆ ಲಕ್ಷದ್ವೀಪ, ಹವಳ, ಗಾಜಿನ ತಳದ ದೋಣಿ! ಎಷ್ಟು ವರ್ಷದಿಂದ ಕಾದಿದ್ದೆ.

"ಏಳ್ರಿ! ಬಸ್ಸಿನವರು ಹಾರ್ನ್ ಹೊಡ್ಯಾಕತ್ತಾರ!"

ಅಂದವಳೇ ಅಲ್ಲೇ ನಿಂತೆ. ಈ ಮಾತನ್ನು ನಾನು ಮೊದಲೂ ಹೇಳಿದ್ದೆ.

ಹದಿನಾಲ್ಕು ವರ್ಷದ ಹಿಂದೆ. ನಮ್ಮ ಮಗ್ಗವನ್ನು ಕಟ್ಟಿಗೆಯ ಬೆಲೆಗೆ ಮಾರಿದ್ದೆವು. ಒಯ್ಯಲು ಟೆಂಪೋ ಬೆಳಿಗ್ಗೆಯೇ ಬಂದು ನಿಂತಿತು. ಕೊನೆಯ ಸೀರೆ, ಸೆರಗಿಗೆ ಒಂದು ಗೇಣು ಬಾಕಿ. ಅಷ್ಟರಲ್ಲಿ ಒಂದು ಎಳೆ ಹರಿಯಿತು. ಇವರು ಅದನ್ನು ಕೂಡಿಸಲು ಬಗ್ಗಿದ್ದರು. "ಏಳ್ರಿ, ಟೆಂಪೋದವ ಹಾರ್ನ್ ಹೊಡ್ಯಾಕತ್ತಾನ. ನನಗ ಬಸ್ ತಪ್ಪತೈತಿ" ಅಂದೆ. ಇವರು ಎದ್ದರು. ಆ ಜನ ಹಾಸನ್ನು ಕತ್ತರಿಯಿಂದ ಕತ್ತರಿಸಿ ಮಗ್ಗ ಎತ್ತಿದರು.

ನನಗೆ ಬಸ್ಸು ಸಿಕ್ಕಿತು. ಎಂಟೂ ಕಾಲರ ಬಸ್ಸು. ಆವತ್ತೂ ತಪ್ಪಲಿಲ್ಲ.

ನಿಜ ಹೇಳುತ್ತೇನೆ, ಆ ಶೆಡ್ಡಿನಲ್ಲಿ ನಿಂತು ನನಗೆ ನಾಚಿಕೆಯಾಯಿತು. ಇವರು ಓಣಿ ಸುತ್ತು ಹಾಕಿ ಪ್ರೆಸ್ಸಿಗೆ ಹೋಗುವುದು ಯಾಕೆ ಎಂದು ಅಲ್ಲಿಯವರೆಗೂ ತಿಳಿಯದ ನಾನು ಎಂಥ ಜಾಣೆ!

ಇವರು ತಲೆ ಎತ್ತಿ ನನ್ನನ್ನು ನೋಡಿದರು. ಏಳಲು ಒಂದು ಕಾಲು ಮೇಲೆ ತೆಗೆದೇ ಬಿಟ್ಟಿದ್ದರು, ಪಾಪ. "ಆತು, ಬಂದೆ" ಅಂದರು.

"ಕುಂಡ್ರಿ" ಅಂದೆ.

"ಹಡಗ ಹೋಗತೈತಿ ಸುಮಿತ್ರಾ."

"ಹೋಗ್ಲಿ. ನೀವು ಮುಗಸ್ರಿ."

ಗೈಡ್ ಬಾಯಿಗೆ ಹೊರಡಿ ಅಂದೆ. ಅವಳು ನನ್ನನ್ನು ಹುಚ್ಚಿಯಂತೆ ನೋಡಿದಳು. ಬಸ್ಸು ಹೋಯಿತು. ಜೀವನದಲ್ಲಿ ಮೊದಲ ಸಲ ಒಂದು ಬಸ್ಸು ನನ್ನ ಕಣ್ಣೆದುರೇ ನನ್ನನ್ನು ಬಿಟ್ಟು ಹೋಯಿತು. ಆಶ್ಚರ್ಯವೆಂದರೆ ಭೂಮಿ ಬಾಯಿ ಬಿಡಲಿಲ್ಲ, ಆಕಾಶ ಬೀಳಲಿಲ್ಲ. ನಾನು ನೆಲದ ಮೇಲೆ ಕುಳಿತೆ. ಆ ಹೆಂಗಸು ಬೆಲ್ಲದ ಕರಿ ಕಾಫಿ ತಂದುಕೊಟ್ಟಳು. ಲಟಕ್, ಲಟಕ್. ಮೊದಮೊದಲು ತಡವರಿಸಿದ ಇವರ ಕಾಲು ನಿಧಾನಕ್ಕೆ ಲಯ ಹಿಡಿಯಿತು. ನನ್ನ ಮದುವೆಯ ಮೊದಲ ವರ್ಷದ ಬೆಳಗಿನ ಸದ್ದು ಅದು. ಎಷ್ಟು ಹಿತವಾಗಿತ್ತು ಅಂತೀರಿ!

ಮೂರೂವರೆಗೆ ಇವರು ಎದ್ದರು. ಬಟ್ಟೆಯ ಮೇಲೆ ಕೈಯಾಡಿಸಿದರು. ಕೂಡಿಸಿದ ಜಾಗ ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ. ಆ ಹೆಂಗಸು ಇವರ ಎರಡೂ ಕೈ ಹಿಡಿದುಕೊಂಡಳು. ಇವರು ವಿಭೂತಿ ಗಟ್ಟಿಯನ್ನು ಅರ್ಧ ಮುರಿದು ಅವಳ ಮಗ್ಗದ ಪಕ್ಕ ಇಟ್ಟರು.

ಆಮೇಲೆ ನಾನು ಪೂರ್ತಿ ನಾನಾದೆ. "ಓಡ್ರೀ ಈಗ!"

ಆ ಹೆಂಗಸಿನ ಅಳಿಯನದೊಂದು ಆಟೋ. ಅವನು ಓಡಿಸಲಿಲ್ಲ, ಹಾರಿಸಿದ. ಸೇತುವೆ, ಮೀನಿನ ಪೇಟೆ, ಚರ್ಚು, ಮಸೀದಿ, ಮತ್ತೆ ಸೇತುವೆ. ನಾನು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಇವರ ತೋಳು ಹಿಡಿದಿದ್ದೆ. ಇವರು ನಗುತ್ತಿದ್ದರು! ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬಂದರಿನ ಗೇಟಿನಲ್ಲಿ ನಾಲ್ಕೂ ಇಪ್ಪತ್ತೈದು. ಸೀರೆಯ ನೆರಿಗೆ ಎತ್ತಿ ಕಟ್ಟಿ, ಕಾಲಲ್ಲಿ ಸ್ಪೋರ್ಟ್ಸ್ ಶೂ, ಓಡಿದೆ. ನನ್ನ ಹಿಂದೆ ಇವರು. ಮೇಲಿನ ಡೆಕ್ಕಿನಲ್ಲಿ ನಮ್ಮ ಬಸ್ಸಿನ ಜನ ಸಾಲಾಗಿ ನಿಂತು ಸಿಳ್ಳೆ, ಚಪ್ಪಾಳೆ! ಬಾಗಿಲಲ್ಲಿ ಮುಂಬೈಯ ಅದೇ ಸೆಕ್ಯೂರಿಟಿಯವನಿದ್ದ. ಗಡಿಯಾರ ನೋಡಿದ, ಇವರ ಹಣೆ ನೋಡಿದ, ಕೈ ಹಿಡಿದು ಒಳಗೆಳೆದುಕೊಂಡ.

ಮರುದಿನ ಲಕ್ಷದ್ವೀಪದಲ್ಲಿ ಹವಳ ನೋಡಿದೆವು, ನೀಲಿ ನೀರು ನೋಡಿದೆವು. ಅದನ್ನೆಲ್ಲ ಇನ್ನೊಮ್ಮೆ ಬೇಕಾದರೆ ಬರೆದೇನು. ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ "ಏಳ್ರಿ, ಟೈಮಾತು" ಅನ್ನುತ್ತೇವೆ? ಯಾರು ಏನು ಅರ್ಧಕ್ಕೆ ಬಿಟ್ಟು ಎದ್ದರು ಎಂದು ಯಾವತ್ತಾದರೂ ತಿರುಗಿ ನೋಡಿದ್ದೇವೆಯೇ? ನಾನಂತೂ ನೋಡಿರಲಿಲ್ಲ.

ಊರಿಗೆ ಬಂದ ಮೇಲೆ ಇವರು ಓಣಿ ಸುತ್ತು ಹಾಕುವುದನ್ನು ಬಿಟ್ಟಿದ್ದಾರೆ. ಆ ಓಣಿಯಲ್ಲಿ ಇನ್ನೂ ನೇಯುವ ಒಬ್ಬ ಹಿರಿಯರಿದ್ದಾರೆ, ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಇವತ್ತು ಪ್ರೆಸ್ಸಿಗೆ ರಜೆ. "ಅವರದೊಂದು ಎಳಿ ಹರದೈತಂತ, ಹಿಂಗ ಹೋಗಿ ಹಂಗ ಬರ್ತೀನಿ" ಎಂದು ನಾಲ್ಕಕ್ಕೆ ಹೋದವರು ಇನ್ನೂ ಬಂದಿಲ್ಲ. ಈಗ ಆರು. ಮಾಡಿಟ್ಟ ಚಹಾ ಆರಿ ಕೆನೆಗಟ್ಟಿದೆ. ಫೋನು ಕೈಗೆ ತೆಗೆದುಕೊಂಡವಳು ಹಾಗೆಯೇ ಕೆಳಗಿಟ್ಟೆ.

ಚಹಾ ಎರಡನೇ ಸಲ ಕಾಸಿದರೆ ನನ್ನ ಗಂಟೇನು ಹೋಗುತ್ತದೆ?