ಸೂತಕದಲ್ಲಿ ಕಂಡ ಗುಮ್ಮಟ

ಧಾರವಾಡದಿಂದ ಫೋನ್ ಬಂದಾಗ ನಾವು ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೂಟ್‌ಕೇಸ್ ತುಂಬುತ್ತಿದ್ದೆವು. ನನ್ನ ಪತಿಯ ಕಾಕಾ, ಅಂದರೆ ಅವರ ತಂದೆಯ ತಮ್ಮ, ತೀರಿಕೊಂಡಿದ್ದರು. ಪತಿ ರಿಸೀವರ್ ಇಟ್ಟವರೇ ಉಟ್ಟ ಬಟ್ಟೆಯಲ್ಲೇ ಷವರಿನ ಕೆಳಗೆ ಹೋಗಿ ನಿಂತರು. ಸಾವಿನ ಸುದ್ದಿ ಕೇಳಿದೊಡನೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕೆಂಬುದು ನಮ್ಮಲ್ಲಿನ ಪದ್ಧತಿ. ಅವರ ನಂತರ ನಾನೂ ಸ್ನಾನ ಮಾಡಿದೆ. ಅಂದಿನಿಂದ ಇಬ್ಬರಿಗೂ ಹತ್ತು ದಿನ ಸೂತಕ. ಆ ವಾರವೇ ನಾವು ವಾಷಿಂಗ್ಟನ್ನಿನಿಂದ ಇಟಲಿಗೆ ವಿಮಾನ ಹತ್ತಬೇಕಿತ್ತು.

ಈ ಪ್ರವಾಸದ ಆಸೆ ಮೊದಲು ಹುಟ್ಟಿದ್ದು ಕಾಕಾ ಅವರಲ್ಲಿ. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಅವರಿಗೆ ಮಕ್ಕಳಿರಲಿಲ್ಲ. ತಂದೆಯನ್ನು ಕಳೆದುಕೊಂಡ ನನ್ನ ಪತಿಯನ್ನೂ ಅವರ ಅಣ್ಣನನ್ನೂ ಅವರೇ ಸಾಕಿದ್ದರು. ಅವರ ಪಡಸಾಲೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದಿತ್ತು. ಅದರಲ್ಲಿ ಫ್ಲಾರೆನ್ಸ್ ನಗರದ ದೊಡ್ಡ ಚರ್ಚಿನ ಕೆಂಪು ಗುಮ್ಮಟ. ಚಿತ್ರ ಹೊರಗಿನದು ಮಾತ್ರ. ಒಳಗೆ ನಿಂತು ತಲೆ ಎತ್ತಿದರೆ ಹೇಗೆ ಕಾಣುತ್ತದೆಂಬುದು ಅವರ ಬಹಳ ಕಾಲದ ಕುತೂಹಲ. ನಾವು ಟಿಕೆಟ್ ಕೊಂಡ ಮೇಲಂತೂ ಪ್ರತಿ ಫೋನಿನಲ್ಲಿಯೂ ಅದೇ ಮಾತು: "ಒಳಗ ನಿಂತು ಮ್ಯಾಲೆ ನೋಡು. ನೋಡಿ, ಹ್ಯಾಂಗದ ಅಂತ ನನಗ ಹೇಳು."

ಊರಿಗೆ ಹೊರಡುವೆನೆಂದು ನನ್ನ ಪತಿ ಹೇಳಿದಾಗ ಅವರ ಅಣ್ಣ ಬೇಡವೆಂದರು. ದಹನ ಮುಗಿದಿತ್ತು, ಉಳಿದ ಕರ್ಮಗಳನ್ನು ತಾವು ಮಾಡುವುದಾಗಿ ತಿಳಿಸಿದರು. ನಮ್ಮ ಪ್ರವಾಸದ ಸುದ್ದಿಯನ್ನು ಕಾಕಾ ಓಣಿಗೆಲ್ಲ ಸಾರಿದ್ದರಂತೆ. ಅವರು ಆಸೆಪಟ್ಟದ್ದನ್ನು ನೋಡಿ ಬರುವುದೇ ಸರಿ ಎಂದು ಅಣ್ಣನ ಅಭಿಪ್ರಾಯ.

ಸೂತಕದಲ್ಲಿ ದೇವಸ್ಥಾನಕ್ಕೆ ಹೋಗಬಾರದು, ಅದು ನನಗೆ ಗೊತ್ತಿತ್ತು. ಚರ್ಚಿಗೆ ಹೋಗಬಹುದೇ ಎಂಬುದು ಗೊತ್ತಿರಲಿಲ್ಲ. ನನ್ನ ತವರಿನಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಯಾವ ವಿಷಯವನ್ನೂ ಬಲ್ಲವರನ್ನು ಕೇಳದೆ ನಂಬುವ ಧೈರ್ಯ ನನಗೆ ಬಂದಿರಲಿಲ್ಲ. ಮೇರಿಲ್ಯಾಂಡಿನ ದೇವಸ್ಥಾನವೊಂದಕ್ಕೆ ಫೋನ್ ಮಾಡಿ ಅರ್ಚಕರನ್ನು ವಿಚಾರಿಸಿದೆ. ಅವರು, "ಶಾಸ್ತ್ರ ಬರೆದೋರು ಇಟಲಿಗೆ ಟಿಕೆಟ್ ತಗೊಂಡಿರ್ಲಿಲ್ಲಮ್ಮ. ನಿಮ್ಮ ಮನಸ್ಸಿಗೆ ಹೇಗೆ ತೋಚುತ್ತೋ ಹಾಗೆ ಮಾಡಿ" ಎಂದರು.

ನಮ್ಮಿಬ್ಬರ ಮನಸ್ಸಿಗೆ ಒಂದೇ ರೀತಿ ತೋಚಲಿಲ್ಲ. ರೋಮ್ ನಗರದಲ್ಲಿ ಹೆಜ್ಜೆಗೊಂದು ಚರ್ಚು. ಪ್ರತಿಯೊಂದರ ಮುಂದೆಯೂ ನನ್ನ ಪತಿ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದರು. ದೇವರು ಯಾರವನಾದರೇನು, ಗುಡಿ ಗುಡಿಯೇ ಎಂಬುದು ಅವರ ವಾದ. ನನ್ನನ್ನು ಮಾತ್ರ ತಡೆಯುತ್ತಿರಲಿಲ್ಲ. ಕ್ಯಾರಿಯ ಲೈಬ್ರರಿಯಿಂದ ತಂದ ಮಾರ್ಗದರ್ಶಿ ಪುಸ್ತಕವನ್ನು ನಾನು ಪರೀಕ್ಷೆಗೆ ಓದುವಂತೆ ಓದಿದ್ದೆ. ಅದನ್ನು ಎದೆಗವಚಿಕೊಂಡು ಒಬ್ಬಳೇ ಒಳಗೆ ಹೋಗುತ್ತಿದ್ದೆ. ನನಗೂ ಸೂತಕವಿದೆಯೆಂಬ ಅಳುಕು ಬಿಡುತ್ತಿರಲಿಲ್ಲ. ಕಣ್ಣುಗಳು ಹೆಚ್ಚಾಗಿ ಪುಸ್ತಕದಲ್ಲಿಯೇ ಇರುತ್ತಿದ್ದವು.

ಹೋಟೆಲಿನ ಕೋಣೆಯಲ್ಲಿ ಅವಲಕ್ಕಿ ಕಲಸಿ ಕೊಟ್ಟರೆ ಅವರು ಎರಡು ತುತ್ತು ತಿಂದು ತಟ್ಟೆಯನ್ನು ಸರಿಸುತ್ತಿದ್ದರು. ಒಂದು ಸಂಜೆ ತಾಳ್ಮೆಗೆಟ್ಟು ಕೇಳಿದೆ.

"ಹಾಗಾದ್ರೆ ನಾವು ಬಂದಿದ್ದಾದ್ರೂ ಯಾಕ್ರೀ?"

ಉತ್ತರ ನನಗೇ ತಿಳಿದಿತ್ತು. ಫ್ಲಾರೆನ್ಸಿನಲ್ಲಿ ನಾವಿರುವ ಕಡೆಯ ದಿನವೂ ಸೂತಕದೊಳಗೇ ಬೀಳುತ್ತಿತ್ತು. ಒಳಗೆ ಹೋದರೆ ಕಾಕಾ ಅವರಿಗಾಗಿ ಹಿಡಿದ ಸೂತಕವನ್ನು ಮುರಿದಂತೆ. ಹೋಗದಿದ್ದರೆ ಅವರು ಕೇಳಿದ್ದ ಒಂದೇ ಒಂದು ಮಾತನ್ನು ನಡೆಸಿಕೊಡದಿದ್ದಂತೆ. ಊರಿಗೂ ಹೋಗದೆ, ಗುಮ್ಮಟವನ್ನೂ ನೋಡದೆ ಈ ಮನುಷ್ಯ ಕ್ಯಾರಿಗೆ ಹಿಂದಿರುಗಿದರೆ ಮುಂದಿನ ದಿನಗಳು ಹೇಗಿರುತ್ತವೆಂದು ನೆನೆದು ನನಗೆ ಭಯವಾಗುತ್ತಿತ್ತು.

ಫ್ಲಾರೆನ್ಸಿನ ಚರ್ಚಿನ ಬಾಗಿಲಿನವರೆಗೂ ಅವರು ಬಂದರು. ಒಳಗಿನ ತಂಪು ಗಾಳಿ ನಮ್ಮ ಮುಖಕ್ಕೆ ತಗುಲಿತು. ಒಂದೇ ಒಂದು ಹೆಜ್ಜೆ ಎಂದು ನಾನು ಬೇಡಿಕೊಂಡೆ. ಅವರು ಹೊಸ್ತಿಲನ್ನು ನೋಡುತ್ತ ನಿಂತು, ಕೊನೆಗೆ ಹಿಂದೆ ಸರಿದರು.

"ನೀ ಹೋಗು. ಇಬ್ಬರೂ ಹೊರಗ ಕೂತರ ಕಾಕಾಗ ಹೇಳವರು ಯಾರು?"

ನಾನು ಹೋಗಿ ಬಂದು, ಕಟ್ಟಿದ ಶಿಲ್ಪಿ ಯಾರು, ಚಿತ್ರ ಬರೆದವರು ಯಾರು, ಯಾವ ಶತಮಾನ ಎಂಬುದನ್ನೆಲ್ಲ ಕ್ರಮವಾಗಿ ಒಪ್ಪಿಸಿದೆ. ಅವರು ಮೆಟ್ಟಿಲ ಮೇಲೆ ಕುಳಿತೇ ಕೇಳಿಸಿಕೊಂಡರು.

"ಇದೆಲ್ಲಾ ಪುಸ್ತಕದಾಗ ಅದ. ನೀ ಏನು ನೋಡಿದಿ?"

ನಾನು ಪುಸ್ತಕವನ್ನು ಅವರ ಪಕ್ಕದಲ್ಲಿಟ್ಟು ಮತ್ತೆ ಒಳಗೆ ಹೋದೆ. ಗುಮ್ಮಟದ ಕೆಳಗೆ ನಿಂತು, ಕತ್ತು ನೋಯುವವರೆಗೂ ಮೇಲೆ ನೋಡಿದೆ. ಹಿಂದೆ ಸರಿಯುವಾಗ ಯಾರೋ ಒಬ್ಬರಿಗೆ ಡಿಕ್ಕಿ ಹೊಡೆದೆ. ಕ್ಷಮೆ ಕೇಳಬೇಕೆಂಬುದೂ ಹೊಳೆಯಲಿಲ್ಲ.

ಹೊರಗೆ ಬಂದು ಅವರ ಪಕ್ಕದಲ್ಲಿ ಕುಳಿತಾಗ ನನಗೆ ಬಂದದ್ದು ನನ್ನೂರಿನ ಮಾತು. ನಾಲ್ಕು ಜನ ಓದಿದವರ ಮುಂದೆ ನಾನು ಎಂದೂ ಆಡದಂಥದ್ದು.

"ನಮ್ಮೂರಲ್ಲಿ ಬಾವಿಗೆ ಕೊಡ ಬಿದ್ರೆ ಮುದುಕ್ರೆಲ್ಲಾ ಕಟ್ಟೆ ಸುತ್ತ ಸೇರ್ಕೊಂಡು ಇಣುಕಿ ನೋಡ್ತಾರೆ. ಹಂಗೇ ಇದೆ. ತುತ್ತತುದೀಲಿ ಬೆಳಕು. ಅದರ ಸುತ್ತ ಕಟ್ಟೆ ಮೇಲೆ ಕೂತಿರೋ ಹಂಗೆ ಮುದುಕರನ್ನ ಬರ್ದಿದಾರೆ. ಕೆಳಗಡೆ ರಾಕ್ಷಸರು, ಬೆಂಕಿ, ಒದ್ದಾಡೋ ಜನ. ಬಾವಿ ಒಳಗೆ ಬಿದ್ದಿರೋರು ನಾವು ಅನ್ನಿಸ್ತು."

ಎದುರಿನ ಚೌಕದಲ್ಲಿ ಪಾರಿವಾಳಗಳು ಯಾರೋ ಚೆಲ್ಲಿದ ಬ್ರೆಡ್ಡನ್ನು ಹೆಕ್ಕುತ್ತಿದ್ದವು.

"ಆ ಮುದುಕರೊಳಗ ಕಾಕಾ ಇದ್ನೇನು?"

ಹೌದೆಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವರು ಕೇಳಿದ್ದು ನಾನು ಕಂಡದ್ದನ್ನು.

"ಕತ್ತು ನೋಯ್ತಿತ್ತು ರೀ. ಎಲ್ಲರ ಮುಖ ಕಾಣ್ಲಿಲ್ಲ."

ಅವರು ತಲೆಯಾಡಿಸಿದರು. "ಇರ್ತಾನ. ಇಣುಕಿ ನೋಡೂದು ಅಂವಗ ಮೊದಲಿಂದ ಚಟ." ಇಷ್ಟು ಹೇಳಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಸುದ್ದಿ ಬಂದ ದಿನದಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಎದ್ದು ಹೋಗುವ ಮುನ್ನ ಅವರು ಬಾವಿಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು, ರಾಕ್ಷಸರ ಸಮೇತ, ಧಾರವಾಡಕ್ಕೆ ಫೋನ್ ಮಾಡಿದಾಗ ಅಣ್ಣನಿಗೂ ಹಾಗೆಯೇ ಹೇಳಬೇಕೆಂದು.