ಅಕ್ಕ ಹತ್ತುವ ಬದಿಯ ತಗಡು

ಶಾಲೆಯ ನೀರಿನ ತೊಟ್ಟಿಗೆ ಮುಚ್ಚಳ ಮಾಡಿಸಲೆಂದು ಹೋದ ದಿನವೇ ನನಗೆ ರಟ್ಟಣ್ಣನ ಪರಿಚಯವಾದದ್ದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಪಂಕ್ಚರ್ ಅಂಗಡಿಗೂ ಗಾಜು ಕತ್ತರಿಸುವವನ ಅಂಗಡಿಗೂ ನಡುವೆ ಅವನ ತಗಡಿನ ಅಂಗಡಿ. ಒಳಗೆ ಕಾಲಿಟ್ಟರೆ ತಗಡಿಗಿಂತ ರಟ್ಟೇ ಹೆಚ್ಚು ಕಾಣುತ್ತಿತ್ತು. ಹಳೆಯ ಪೆಟ್ಟಿಗೆಗಳ ರಟ್ಟನ್ನು ಬಗೆಬಗೆಯ ಆಕಾರಕ್ಕೆ ಕತ್ತರಿಸಿ ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ. ತೊಟ್ಟಿಯ ಅಳತೆ ಬರೆದಿದ್ದ ಚೀಟಿಯನ್ನು ಕೊಟ್ಟರೆ, ಅವನು ಅದನ್ನೊಮ್ಮೆ ನೋಡಿ ಹಾಗೆಯೇ ಹಿಂದಕ್ಕೆ ಚಾಚಿದ.

"ಚೀಟಿ ನಂಬಿ ತಗಡು ಕತ್ತರಿಸೋದಿಲ್ಲ ಮೇಷ್ಟ್ರೇ. ನಾಳೆ ನಾನೇ ಬರ್ತೀನಿ."

ಮರುದಿನ ಬಂದವನು ಮೊದಲು ರಟ್ಟಿನಲ್ಲೊಂದು ಮುಚ್ಚಳ ಮಾಡಿ, ತೊಟ್ಟಿಯ ಮೇಲಿಟ್ಟು, ತೆಗೆದು, ಮತ್ತೆ ಇಟ್ಟು, ಸುತ್ತಲೂ ಎರಡು ಸಲ ನಡೆದ. ಮಕ್ಕಳು ಕಿಟಕಿಗೆ ಮುಗಿಬಿದ್ದು ಕಿಸಿಕಿಸಿ ನಗುತ್ತಿದ್ದರು. ಅವನ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಈ ರಟ್ಟಿನ ಚಾಳಿಯಿಂದಲೇ ಊರಿಗೆಲ್ಲ ಅವನು ರಟ್ಟಣ್ಣ. ಹೆಂಡತಿ ಕೂಡ ಬೇರೆಯವರ ಮುಂದೆ "ನಮ್ಮ ರಟ್ಟಣ್ಣನೋರು" ಎಂದೇ ಅಣಕಿಸುತ್ತಿದ್ದಳು.

ಹುಟ್ಟಾ ಅಳುಕಿನ ಸ್ವಭಾವ ಅವನದು. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದ. ಆದರೆ ಆ ಅಳುಕು ಎದೆಯಲ್ಲಿ ಕಲ್ಲಿನಂತೆ ಕೂತದ್ದು ಅಕ್ಕ ಬಿದ್ದ ಮೇಲೆ.

ಆರು ವರ್ಷದ ಹಿಂದಿನ ಮಾತು. ಅವನ ಅಕ್ಕನ ಗಂಡ, ಅಂದರೆ ಭಾವ, ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ದೊಡ್ಡ ದನಿ, ದೊಡ್ಡ ನಗು. ಆಗ ಅವರೊಂದು ವ್ಯಾನು ಇಟ್ಟುಕೊಂಡಿದ್ದರು. ಅದರ ಮೆಟ್ಟಿಲಿಗೆ ತಗಡು ಹಾಕಿಕೊಡೆಂದು ಕೇಳಿ, "ಮುಖ ನೋಡ್ಕೊಂಡು ಕ್ಷೌರ ಮಾಡ್ಕೊಳ್ಳೋ ಹಾಗೆ ಹೊಳೀಬೇಕು ಕಣಯ್ಯಾ" ಎಂದಿದ್ದರು. ಇಷ್ಟು ನಯ ಒಳ್ಳೆಯದಲ್ಲ ಎಂದು ರಟ್ಟಣ್ಣನ ಕೈಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಭಾವನ ಮಾತಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಉಜ್ಜಿ ಉಜ್ಜಿ ಕನ್ನಡಿ ಮಾಡಿಕೊಟ್ಟ. ತುಂತುರು ಮಳೆಯ ಒಂದು ಬೆಳಿಗ್ಗೆ ಅಕ್ಕ ಅದರ ಮೇಲೆ ಕಾಲಿಟ್ಟಳು. ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಕೈಗೆ ಕೋಲು ಬಂತು.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದನೋ ಏನೋ. ಅಂದಿನಿಂದ ಮೆಟ್ಟಿಲು, ಫುಟ್‌ಬೋರ್ಡು ಎಂದರೆ ಕೈ ಮುಗಿದುಬಿಡುತ್ತಿದ್ದ.

ಹೀಗಿರುವಾಗ ಭಾವ ತಮ್ಮ ಹಳೆಯ ಲಾರಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಗುಂಡು ಮೂತಿಯ, ಉಬ್ಬಿದ ಮಡ್‌ಗಾರ್ಡಿನ, ಐವತ್ತು ದಾಟಿದ ಲಾರಿ. ಬಾಗಿಲ ಕೆಳಗೆ, ಮಡ್‌ಗಾರ್ಡಿನಿಂದ ಹಿಂದಕ್ಕೆ, ಒಬ್ಬ ಮಲಗುವಷ್ಟು ಉದ್ದದ ಫುಟ್‌ಬೋರ್ಡು ಎರಡೂ ಕಡೆ. ಬಣ್ಣವಾಯಿತು, ಎಂಜಿನ್ನು ಆಯಿತು, ಸೀಟೂ ಆಯಿತು. ಭಾನುವಾರ ಹಳೆಯ ಗಾಡಿಗಳ ಮೆರವಣಿಗೆಯಿತ್ತು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕೆಂಬುದು ಭಾವನ ಆಸೆ. ಬಿದ್ದ ಮೇಲೆ ಅಕ್ಕ ಎತ್ತರದ ಯಾವ ಗಾಡಿಯನ್ನೂ ಹತ್ತಿರಲಿಲ್ಲ.

"ಫುಟ್‌ಬೋರ್ಡಿನ ಬಣ್ಣ ಕಾಲು ತಾಗಿ ಕೆತ್ತಿ ಹೋಗತ್ತೆ. ಮೇಲೆ ಅಲ್ಯೂಮಿನಿಯಂ ಹೊದಿಕೆ ಮಾಡು. ಬೇರೆಯವನ ಹತ್ರ ಹೋಗೋದಿಲ್ಲ, ತಿಳ್ಕೋ" ಎಂದರು ಭಾವ.

ರಟ್ಟಣ್ಣ ಇಲ್ಲವೆನ್ನಲು ಬಾಯಿ ತೆರೆದ. ಆಗ ಲಾರಿಯ ಆಚೆ ಕೋಲೂರಿ ನಿಂತಿದ್ದ ಅಕ್ಕ, "ನೀನೇ ಮಾಡಿದ್ರೆ ಹತ್ತಿ ನೋಡ್ತೀನಿ ಕಣೋ" ಎಂದುಬಿಟ್ಟಳು.

ಕೆಲಸ ಶುರುವಾಯಿತು. ಬರಿಯ ತಗಡು ಹಾಸಿದರೆ ಮತ್ತದೇ ಕಥೆ. ಕಾಲಿಗೆ ಹಿಡಿತ ಬೇಕು. ತಗಡಿನ ತುಂಬ ಸಾಲಾಗಿ ತೂತು ಕೊರೆದು, ಪ್ರತಿ ತೂತಿನ ಅಂಚನ್ನೂ ಅಡಿಯಿಂದ ಗುಂಡುತುದಿಯ ಪಂಚಿನಲ್ಲಿ ಹೊಡೆದು ಮೇಲಕ್ಕೆ ಗುಬುಟಾಗಿ ಉಬ್ಬಿಸಬೇಕೆಂದು ನಿಶ್ಚಯಿಸಿದ. ನೀರು ತೂತಿನಲ್ಲಿ ಇಳಿಯುತ್ತದೆ, ಗುಬುಟು ಚಪ್ಪಲಿಯನ್ನು ಹಿಡಿಯುತ್ತದೆ. ಗುಬುಟು ಎಷ್ಟು ಎತ್ತರವಿರಬೇಕು, ಎಷ್ಟು ದೂರಕ್ಕೊಂದು ಎಂದು ಚೂರುತಗಡುಗಳ ಮೇಲೆ ಹೊಡೆದು, ಅವುಗಳ ಮೇಲೆ ಬರಿಗಾಲಲ್ಲಿ ನಿಂತು ನೋಡಿದ. ಹೆಂಡತಿಯನ್ನೂ ನಿಲ್ಲಿಸಿದ.

"ಒತ್ತತ್ತಾ?"

"ಒತ್ತತ್ತೆ."

"ಜಾಸ್ತಿ ಒತ್ತತ್ತಾ?"

"ರೀ, ಒಲೆ ಮೇಲೆ ಹಾಲಿದೆ. ನಿಮ್ಮ ಗುಬುಟಿಗಿಂತ ಅದು ಬೇಗ ಮೇಲೆ ಬರತ್ತೆ!"

ಜೋಡಿ ತಗಡು ಮಾಡುವಾಗ ಅವನದೊಂದು ಪದ್ಧತಿ. ಎರಡನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸುವುದು. ಆಮೇಲೆ ಪುಸ್ತಕ ತೆರೆದ ಹಾಗೆ ಮೇಲಿನದನ್ನು ಮಗುಚಿ ಪಕ್ಕಕ್ಕಿಡುವುದು. ಆಗ ಒಂದು ಎಡಕ್ಕಾಗುತ್ತದೆ, ಇನ್ನೊಂದು ಬಲಕ್ಕೆ. ಇಪ್ಪತ್ತೆಂಟು ವರ್ಷ ತಪ್ಪದ ಪದ್ಧತಿ. ಈ ಸಲ ಮಾತ್ರ ಅವನ ಜೀವವೆಲ್ಲ ಗುಬುಟುಗಳಲ್ಲಿತ್ತು. ಒಂದನ್ನು ಮುಗಿಸಿ, ಪಕ್ಕಕ್ಕಿಟ್ಟು, ಇನ್ನೊಂದನ್ನು ಮಗುಚದೆ ಹಾಗೆಯೇ ಎಳೆದುಕೊಂಡು ಹೊಡೆಯತೊಡಗಿದ.

ಶುಕ್ರವಾರ ಮಧ್ಯಾಹ್ನ ಅಂಚು ಮಡಚುವ ಮೊದಲು ರಟ್ಟನ್ನು ಇಟ್ಟು ನೋಡಿದ. ಒಂದಕ್ಕೆ ಸರಿಯಾಗಿ ಕೂತಿತು. ಇನ್ನೊಂದಕ್ಕೆ ಮಗುಚಿ ಇಟ್ಟ. ಮಡ್‌ಗಾರ್ಡಿಗೆ ಸೇರುವ ಬಾಗು ತಪ್ಪು ತುದಿಯಲ್ಲಿತ್ತು. ಎರಡೂ ಡ್ರೈವರ್ ಬದಿಯವೇ. ಅಕ್ಕ ಹತ್ತುವ ಬದಿಗೆ ತಗಡೇ ಇಲ್ಲ.

ತಗಡನ್ನು ಮಗುಚಿಟ್ಟರೆ ಬಾಗು ಸರಿಯಾಗಿ ಕೂರುತ್ತಿತ್ತು. ಆದರೆ ಗುಬುಟುಗಳೆಲ್ಲ ಕೆಳಮುಖವಾಗಿ, ಮೇಲೆ ನಯವಾದ, ಮಿರಮಿರ ಹೊಳೆಯುವ ತಗಡು. ಗುಬುಟುಗಳನ್ನು ತಿರುಗಿ ಆಚೆಗೆ ಹೊಡೆಯಬಹುದೇ ಎಂದು ಚೂರಿನ ಮೇಲೆ ಪರೀಕ್ಷಿಸಿದ. ಅಂಚು ಸೀಳಿ ಹಲ್ಲಿನಂತೆ ಚೂಪಾಯಿತು. ಅದೇ ದಪ್ಪದ ಅಲ್ಯೂಮಿನಿಯಂ ಬೇಕೆಂದರೆ ಹೊರಗಿನಿಂದ ತರಿಸಬೇಕು. ಹತ್ತು ದಿನವಾದರೂ ಆಗುತ್ತಿತ್ತು. ಅವನು ಕಾಲುಮಣೆಯ ಮೇಲೆ ಕುಸಿದು ಕೂತ. ಹೇಳುವುದೋ ಬಿಡುವುದೋ? ಅಡಿಗೆ ರಬ್ಬರ್ ಹಾಸಿದರೆ ಗುಬುಟುಗಳು ಅದರಲ್ಲಿ ಹೂತುಹೋಗುತ್ತವೆ, ಯಾರಿಗೂ ತಿಳಿಯದು. ಒಂದು ದಿನದ ಮೆರವಣಿಗೆ. ಮಳೆಯೂ ಬರಲಾರದು. ಹೀಗೆಂದುಕೊಳ್ಳುತ್ತಲೇ ಬಾಗಿಲಾಚೆಯ ಆಕಾಶವನ್ನು ಮೂರು ಸಲ ನೋಡಿದ.

ಶನಿವಾರ ಬೆಳಿಗ್ಗೆ ಭಾವ ತಾವಾಗಿಯೇ ಅಂಗಡಿಗೆ ಬಂದರು. ಕೆಲಸದ ಮಣೆಯ ಮೇಲೆ ಮಗುಚಿ ಮಲಗಿದ್ದ ತಗಡನ್ನು ಕಂಡು ಮುಖ ಅರಳಿತು.

"ಇದು ನೋಡಪ್ಪಾ ಕೆಲಸ! ಎಷ್ಟು ಚೆನ್ನಾಗಿ ಹೊಳೀತಿದೆ!"

"ಅದು ತಪ್ಪಾಗಿರೋದು ಭಾವ" ಎಂದು ರಟ್ಟಣ್ಣ ನಡೆದುದನ್ನೆಲ್ಲ ಹೇಳಿದ. ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಅಷ್ಟೇ ತಾನೆ? ಹೀಗೇ ಹಾಕು. ಇದೇ ಚೆಂದ. ಕೆಳಗೆ ಗುಬುಟಿದ್ಯೋ ಗುಲಾಬಿಯಿದ್ಯೋ, ಯಾರು ಬಗ್ಗಿ ನೋಡ್ತಾರೆ?"

"ಆಗೋದಿಲ್ಲ. ಆ ಕಡೆಗೆ ಕಬ್ಬಿಣದ್ದು ಮಾಡಿಕೊಡ್ತೀನಿ. ಗುಬುಟು ಮೇಲಿರೋ ಹಾಗೆ."

"ಒಂದು ಕಡೆ ಬೆಳ್ಳಿ, ಇನ್ನೊಂದು ಕಡೆ ಬಾಣಲೆ! ನನ್ನ ಲಾರಿಯೇನು ನಗೆಪಾಟಲೇನಯ್ಯಾ? ಒಂದು ದಿನದ ಮಾತಿಗೆ ಇಷ್ಟು ರಗಳೆ!"

ರಟ್ಟಣ್ಣ ಕೈಯಲ್ಲಿದ್ದ ಕೊಡತಿಯನ್ನು ಕೆಳಗಿಟ್ಟ.

"ಆವತ್ತು ಕನ್ನಡಿ ಕೇಳಿದ್ರಿ, ಕೊಟ್ಟೆ. ನೀವು ಕೇಳಿದ್ದು ತಪ್ಪಲ್ಲ ಭಾವ. ಗೊತ್ತಿದ್ದೂ ಕೊಟ್ಟೆನಲ್ಲ, ಅದು ತಪ್ಪು. ಇವತ್ತು ಕೊಡೋದಿಲ್ಲ."

ಆರು ವರ್ಷದಲ್ಲಿ ಅವರಿಬ್ಬರ ನಡುವೆ ಅಕ್ಕ ಬಿದ್ದ ಆ ಬೆಳಗಿನ ಮಾತು ಬಂದದ್ದು ಅದೇ ಮೊದಲು. ಭಾವ ಗೋಡೆಯ ರಟ್ಟುಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, "ಬೇಗ ಮುಗಿಸು" ಎಂದಷ್ಟೇ ಹೇಳಿ ಹೊರಟುಹೋದರು. ಕೋಪವೋ ಏನೋ ರಟ್ಟಣ್ಣನಿಗೆ ತಿಳಿಯಲಿಲ್ಲ. ಆದರೂ ಕಬ್ಬಿಣದ ತಗಡು ಎಳೆದುಕೊಂಡ. ಅಲ್ಯೂಮಿನಿಯಂ ಮಾತು ಕೇಳುತ್ತದೆ, ಕಬ್ಬಿಣ ಕೇಳುವುದಿಲ್ಲ. ಒಂದೊಂದು ಗುಬುಟಿಗೂ ನಾಲ್ಕು ನಾಲ್ಕು ಏಟು. ಸಂಜೆಯ ಹೊತ್ತಿಗೆ ಅಂಗೈ ಬೊಬ್ಬೆ ಎದ್ದಿತ್ತು.

ಭಾನುವಾರ ಬೆಳಿಗ್ಗೆ ಭಾವನ ಅಂಗಳದಲ್ಲಿ ಎರಡೂ ಹೊದಿಕೆಗಳನ್ನು ಬೋಲ್ಟು ಹಾಕಿ ಕೂರಿಸಿದ. ಆಮೇಲೆ ಬಕೆಟ್ಟು ತಂದು ಕಬ್ಬಿಣದ ಕಪ್ಪು ತಗಡಿನ ಮೇಲೆ ನೀರು ಸುರಿದು, ರಬ್ಬರ್ ಚಪ್ಪಲಿ ಮೆಟ್ಟಿ ಹತ್ತಿದ. ಇಳಿದ. ಮತ್ತೆ ಹತ್ತಿದ.

"ಕಂಡಕ್ಟರ್ ಕೆಲಸಕ್ಕೆ ಸೇರ್ತೀರೇನ್ರೀ?" ಎಂದಳು ಹೆಂಡತಿ. ಅವನು ಸಾಬೂನಿನ ನೀರು ತರಿಸಿ ಅದನ್ನೂ ಸುರಿದು ಹತ್ತಿದ.

ಅಕ್ಕ ಬಂದಳು. ಮೊದಲು ಕೋಲಿನ ತುದಿಯಿಂದ ತಗಡನ್ನು ಕುಟ್ಟಿ ನೋಡಿದಳು. ಒಂದು ಕಾಲಿಟ್ಟು ಹಾಗೆಯೇ ನಿಂತುಬಿಟ್ಟಳು. ರಟ್ಟಣ್ಣ ಹಿಂದೆ ಎರಡೂ ಕೈ ಚಾಚಿ ನಿಂತಿದ್ದ.

"ಕೈ ತೆಗಿಯೋ, ನಾನೇನು ಕುಂಬಳಕಾಯಾ ಹಿಡ್ಕೊಳ್ಳೋಕೆ?" ಎಂದು ಗದರಿ, ಇನ್ನೊಂದು ಕಾಲನ್ನೂ ಎತ್ತಿಟ್ಟಳು. ಕಾಲು ಕದಲಲಿಲ್ಲ. ಬಾಗಿಲು ಹಿಡಿದು ಒಳಗೆ ಸೇರಿ, ಸೀಟಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು. ಭಾವ ಆ ಕಡೆ ತಿರುಗಿ ಕಣ್ಣೊರೆಸಿಕೊಂಡು, "ಬಾಣಲೆ ಕೆಲಸ ಮಾಡ್ತಪ್ಪಾ" ಎಂದರು.

ಲಾರಿ ಮೆರವಣಿಗೆಗೆ ಹೋಯಿತು. ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು ನೋಡಿ ಕೆಲವರು ನಕ್ಕರಂತೆ, ಬಹುಮಾನವೂ ಬರಲಿಲ್ಲ. ಆದರೆ ಮನೆಗೆ ಮರಳಿದ ಮೇಲೆ ಬೇರೊಂದು ಸಂಗತಿ ತಿಳಿಯಿತು. ಹತ್ತಿದ್ದ ಅಕ್ಕ ಇಳಿಯಲು ಹೆದರಿ, ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತಿದ್ದಳು. ಇಳಿಯುವಾಗ ಹಿಂದಕ್ಕೆ ಕಾಲಿಡಬೇಕು, ಕೆಳಗೆ ಏನೂ ಕಾಣುವುದಿಲ್ಲ, ಹಿಡಿಯಲು ಗಟ್ಟಿಯಾದುದೇನೂ ಇಲ್ಲ. ಇದು ತನಗೇಕೆ ಹೊಳೆಯಲಿಲ್ಲವೆಂದು ರಟ್ಟಣ್ಣ ಇಡೀ ವಾರ ಪೇಚಾಡಿದ.

ಈಗ ಅವನು ಬಾಗಿಲ ಪಕ್ಕಕ್ಕೆ ಒಂದು ಹಿಡಿಕೆ ಮಾಡುತ್ತಿದ್ದಾನೆ. ಎರಡು ದಿನಕ್ಕೊಮ್ಮೆ ನಾಲ್ಕಾರು ಕೊಳವೆಯ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಅಕ್ಕನ ಮನೆಗೆ ಹೋಗುತ್ತಾನೆ. ಒಂದೊಂದನ್ನೂ ಅವಳ ಕೈಗೆ ಕೊಟ್ಟು, ಬೆರಳು ಎಲ್ಲಿಯವರೆಗೆ ಸುತ್ತುತ್ತದೆ ಎಂದು ಬಗ್ಗಿ ನೋಡುತ್ತಾನೆ.

"ಇದು ದಪ್ಪ ಕಣೋ."

"ಮೊನ್ನೆ ಇದನ್ನೇ ಸಣ್ಣ ಅಂದಿದ್ದೆ ಅಕ್ಕ."

"ಮೊನ್ನೆ ಕೈ ಒಣಗಿತ್ತು. ಇವತ್ತು ಪಾತ್ರೆ ತೊಳೆದು ಬಂದಿದೀನಿ."

ರಟ್ಟಣ್ಣ ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದು, ಮೊದಲನೆಯ ತುಂಡಿನಿಂದ ಮತ್ತೆ ಶುರುಮಾಡುತ್ತಾನೆ.