ಕಿವಿಯೊಳಗಿನ ಗಂಟಲುಮಾರಿ

ಯುದ್ಧ ನಡೆಯುತ್ತಿದ್ದ ಕಾಲ. ನಾನಿನ್ನೂ ಚಿಕ್ಕ ಹುಡುಗಿ. ಮಳೆಗಾಲದಲ್ಲಿ ಸೋರಲು ಶುರುವಾದ ನನ್ನ ಬಲಗಿವಿ ಸಂಕ್ರಾಂತಿ ಕಳೆದರೂ ಒಣಗಲಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟದ್ದಾಯಿತು, ಮದ್ದೂರಿನ ಆಸ್ಪತ್ರೆಯ ನೊರೆ ಬರುವ ಔಷಧಿ ಹಾಕಿಸಿದ್ದಾಯಿತು. ವಾಸನೆಗೆ ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಅವ್ವ ಮಾತ್ರ ದಿನವೂ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿಯ ಬತ್ತಿಯಿಂದ ಕೀವು ಒರೆಸುತ್ತಿದ್ದಳು. ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಆ ಹತ್ತಿ ಕೊಡುತ್ತಿದ್ದವರು ಪಕ್ಕದ ಮನೆಯ ಬೂಬಮ್ಮ. ಅವರ ಯಜಮಾನರು ಹಾಸಿಗೆಗೆ ಹತ್ತಿ ಎಕ್ಕಿ ಹಿಂಜಿಕೊಡುವವರು.

ಕೊನೆಗೆ ಅಪ್ಪ ನಮ್ಮನ್ನು ರೈಲು ಹತ್ತಿಸಿ ಮಂಡ್ಯದ ಡಾಕ್ಟರೊಬ್ಬರ ಬಳಿ ಕರೆದೊಯ್ದರು. ಅವರು ಹಣೆಗೆ ಕಟ್ಟಿದ್ದ ಕನ್ನಡಿಯಿಂದ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಒಳಗೆ ಬೂದು ಬಣ್ಣದ ಪೊರೆ ಕಟ್ಟಿತ್ತಂತೆ, ಮುಟ್ಟಿದರೆ ರಕ್ತ.

"ಇದು ಮಾಮೂಲಿ ಕಿವಿ ಸೋರೋದಲ್ಲ. ಏನು ಅಂತ ನನಗೂ ಗೊತ್ತಾಗ್ತಿಲ್ಲ. ಮೈಸೂರಿನಲ್ಲಿ ಪರೀಕ್ಷೆ ಮಾಡಿಸೋಣ" ಎಂದರು.

ಗೊತ್ತಿಲ್ಲವೆಂದು ಹಾಗೆ ಒಪ್ಪಿಕೊಂಡ ಆ ಪುಣ್ಯಾತ್ಮರಿಗೆ ನಾನು ಇಂದಿಗೂ ಋಣಿ. ಕೀವು ತೆಗೆದಿಟ್ಟ ಗಾಜಿನ ಕೊಳವೆಯನ್ನು ಅಪ್ಪ ಅಂಗಿಯ ಜೇಬಿನಲ್ಲಿಟ್ಟು, ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದುಕೊಂಡು ಮೈಸೂರಿಗೆ ಮುಟ್ಟಿಸಿದರು.

ಕೀವಿನಲ್ಲಿ ಸಿಕ್ಕಿದ್ದು ಗಂಟಲುಮಾರಿಯ, ಅಂದರೆ ಡಿಫ್ತೀರಿಯಾದ ಕ್ರಿಮಿ. ಗಂಟಲಿಗೆ ಬರುವ ರೋಗ ಅಪರೂಪಕ್ಕೆ ನನ್ನ ಕಿವಿಯಲ್ಲಿ ಮನೆ ಮಾಡಿತ್ತು. ನಾವು ಮತ್ತೆ ಮಂಡ್ಯಕ್ಕೆ ಹೋದಾಗ ಡಾಕ್ಟರು ಅವ್ವನ ಕಂಕುಳಲ್ಲಿದ್ದ ನನ್ನ ತಮ್ಮನ ಗಂಟಲನ್ನೂ ನೋಡಿ, "ಕೂಸಿಗೇನೂ ಆಗಿಲ್ಲ. ಆದರೆ ಇವಳ ಹತ್ತಿರ ಬಿಡಬೇಡಿ. ಇವಳಿಗೆ ಇಂಜೆಕ್ಷನ್ ಕೊಡ್ತೀವಿ, ಆಸ್ಪತ್ರೆಗೆ ಸೇರಿಸಿ" ಎಂದರು.

ಆಸ್ಪತ್ರೆಯಲ್ಲಿ ನನ್ನ ಜೊತೆ ಅವ್ವ ಇರಲೇಬೇಕು. ಕೂಸಿಗೆ ಇನ್ನೂ ವರ್ಷ ತುಂಬಿಲ್ಲ. ಮನೆಗೆ ಬಂದು ಅವಳು ಕಂಗಾಲಾಗಿ ಕೂತಿದ್ದಾಗ ಬೂಬಮ್ಮ ಬಂದು ತಮ್ಮನನ್ನು ಎತ್ತಿಕೊಂಡರು.

"ನಮ್ಮನೇಲಿ ಚಿಕ್ ಮಕ್ಳಿಲ್ಲ. ನನ್ ತಾವ ಬುಟ್ಟು ಓಗಕ್ಕ."

"ಆಲ್ಗೆ ಅಳ್ತದೆ ಬೂಬಮ್ಮ. ನಿಂಗ್ ನಿದ್ದೆ ಇರಕಿಲ್ಲ."

"ನಾನೇನ್ ಮಕ್ಳ ಸಾಕಿಲ್ವಾ? ಆ ಎಣ್ಮಗೀನ ಕಿವಿ ವಾಸಿ ಮಾಡಿಸ್ಕೊಂಡ್ ಬಾ, ಓಗು!"

ಇಂಜೆಕ್ಷನ್ ಚುಚ್ಚಿದ ತೊಡೆ ಊದಿಕೊಂಡು ನಾನು ಅತ್ತು ರಂಪ ಮಾಡಿದೆ. ಆದರೆ ಪೊರೆ ಕಳಚಿತು, ಕೀವು ನಿಂತಿತು. ಆ ಕಿವಿ ಕೊಂಚ ಮಂದವಾಗಿ ಉಳಿಯಿತು, ಅಷ್ಟೇ.

ಹಲವು ವಾರಗಳ ನಂತರ ಊರಿಗೆ ಮರಳಿದಾಗ ತಮ್ಮ ಗುಂಡುಗುಂಡಾಗಿದ್ದ. ಅವ್ವ ಕೈ ಚಾಚಿದರೆ ಬೂಬಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಕಿರುಚಿಕೊಂಡ.

"ಇವ್ನು ಇನ್ಮೇಕೆ ನಿನ್ ಮಗ್ನೇ ಕಣವ್ವ" ಎಂದು ಅವ್ವ ನಕ್ಕಳು. ನಗುತ್ತಲೇ ಬೂಬಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತಳು.